ನಿಮಗಿದು ಗೊತ್ತೇ? ಮುತ್ತತ್ತಿ ಸೀಮೆಗೂ ಅಮೆರಿಕದ ಸಂಸಾರದ ಕಾರಿಗೂ ಇರುವ ನಂಟು

ಅಮೆರಿಕದ ರೈತರು, ಗುಮಾಸ್ತರು, ಶಾಲಾ ಮೇಷ್ಟ್ರುಗಳು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ ಪ್ಲಿಮತ್, ಡಾಡ್ಜ್ ಕಾರುಗಳು ನಮ್ಮ ಮೈಸೂರು ಸಂಸ್ಥಾನದ ನೆಲದಲ್ಲೇ ತಯಾರಾಗುವ ಕಾಲವೊಂದು ತೀರ ಹತ್ತಿರ ಬಂದಿತ್ತು. ಒಪ್ಪಂದಕ್ಕೆ ಅಮೆರಿಕದ ಕಂಪನಿ ಸಿದ್ಧವಿತ್ತು, ದುಡ್ಡು ಹಾಕಲು ಸಂಸ್ಥಾನ ಸಿದ್ಧವಿತ್ತು. ತಡೆದವರು ದೆಹಲಿಯಲ್ಲಿ ಕೂತ ಬ್ರಿಟಿಷರು. ಮದ್ದೂರು, ಮಳವಳ್ಳಿ ಕಡೆಯವರಿಗೆ ಈ ಕಥೆ ಗೊತ್ತಿರಲೇಬೇಕು. ಆದರೆ ಅದಕ್ಕೆ ಮುಂಚೆ ಇನ್ನೊಂದಿಷ್ಟು ಸಂಗತಿಗಳಿವೆ.

ಮುತ್ತತ್ತಿಯಲ್ಲಿ ನೀವು ಕಾಲಿಡುವ ಕಾವೇರಿ ನೀರು ಮೇಲಿನ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿ ಬಂದ ನೀರು. 1902ರ ಜೂನ್‌ನಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿ.ಮೀ. ದೂರಕ್ಕೆ, ವಿದ್ಯುತ್ತು ಹರಿಯಿತು. ಆಗಿನ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಅಂದರೆ ಹೆನ್ರಿ ಫೋರ್ಡ್ ತಮ್ಮ ಕಂಪನಿ ತೆರೆಯುವುದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ಯಂತ್ರಗಾರಿಕೆ ಮಳವಳ್ಳಿ ತಾಲ್ಲೂಕಿನಲ್ಲಿ ಕೆಲಸ ಶುರು ಮಾಡಿತ್ತು.

ಸೀತಮ್ಮನ ಮುತ್ತಿನ ಮೂಗುತಿ ಹೊಳೆಗೆ ಬಿದ್ದಾಗ ಆಂಜನೇಯ ಅದನ್ನು ಎತ್ತಿಕೊಟ್ಟ ಜಾಗ ಮುತ್ತತ್ತಿ ಎಂದು ನಂಬಿಕೆ. ಡಾ. ರಾಜ್‌ಕುಮಾರ್ ಅವರಿಗೆ ತಂದೆತಾಯಿ ಇಟ್ಟ ಮುತ್ತುರಾಜು ಎಂಬ ಹೆಸರು ಈ ಮುತ್ತತ್ತಿರಾಯನದೇ.

ಈಗ ಕಾರಿಗೆ ಬರೋಣ. ಮೇಲೆ ಗಟ್ಟಿ ಚಾವಣಿ, ಸುತ್ತ ಗಾಜು, ನಾಲ್ಕು ಬಾಗಿಲು, ಹಿಂದೆ ಡಿಕ್ಕಿ. ಇದನ್ನೇ ನಾವು ಸೆಡಾನ್ ಅನ್ನುತ್ತೇವೆ. ಕಾರು ಅಂದರೆ ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಂಡಿದ್ದೀರಾ? 1919ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಇಂಥ ಮುಚ್ಚಿದ ಕಾರುಗಳು ನೂರಕ್ಕೆ 10 ಮಾತ್ರ. ಉಳಿದವೆಲ್ಲ ಮೇಲೆ ಕ್ಯಾನ್ವಾಸ್ ಎಳೆದುಕೊಳ್ಳುವ ತೆರೆದ ಗಾಡಿಗಳು. 1927ರ ಹೊತ್ತಿಗೆ ಲೆಕ್ಕ ತಿರುಗಿ ನೂರಕ್ಕೆ 85 ಮುಚ್ಚಿದವಾದವು. ಎಂಟೇ ವರ್ಷದಲ್ಲಿ ಇಷ್ಟು ದೊಡ್ಡ ಬದಲಾವಣೆ! ಕಾರಣ ಬೆಲೆ. ಹಡ್ಸನ್ ಕಂಪನಿ ತನ್ನ ಎಸೆಕ್ಸ್ ಎಂಬ ಮುಚ್ಚಿದ ಕಾರಿನ ಬೆಲೆಯನ್ನು ಇಳಿಸುತ್ತಾ ಬಂದು, 1925ರಲ್ಲಿ ತೆರೆದ ಕಾರಿಗಿಂತಲೂ ಕಡಿಮೆಗೆ ತಂದು ನಿಲ್ಲಿಸಿತು. ಮಳೆಯಲ್ಲಿ ನೆನೆಯದೆ, ಧೂಳು ಕುಡಿಯದೆ, ಹಸುಗೂಸನ್ನೂ ಅಜ್ಜಿಯನ್ನೂ ಕರೆದೊಯ್ಯಬಹುದಾದ ಗಾಡಿ ಅಗ್ಗಕ್ಕೆ ಸಿಗುವುದಾದರೆ ಯಾರು ಬಿಡುತ್ತಾರೆ? ಕಾರು ಶೋಕಿಯವರ ಕೈಯಿಂದ ಸಂಸಾರಸ್ಥರ ಕೈಗೆ ಬಂದದ್ದು ಆಗ.

ಫೋರ್ಡ್‌ನ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ಒಂದು ಕಾರು ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆಯನ್ನು 93 ನಿಮಿಷಕ್ಕೆ ಇಳಿಸಿದ್ದು, ಕೆಲಸಗಾರ ನಿಂತಲ್ಲೇ ನಿಂತು ಕಾರೇ ಅವನ ಮುಂದೆ ಸಾಗಿ ಬರುವ ಏರ್ಪಾಡು. ಅದು ಶುರುವಾದದ್ದು 1913ರಲ್ಲಿ.

ಹೆಂಗಸರು ಕಾರಿನ ಸ್ಟೇರಿಂಗ್ ಹಿಡಿಯಲು ದಾರಿಯಾದದ್ದು ಒಂದು ಚಿಕ್ಕ ಮೋಟಾರಿನಿಂದ. ಹಿಂದೆ ಎಂಜಿನ್ ಹೊತ್ತಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂತು. ಆಮೇಲೆ ಉಳಿದವಕ್ಕೂ ಬಂತು.

1914ರಿಂದ 1925ರವರೆಗೆ ಮಾಡೆಲ್ ಟಿ ಬಂದದ್ದು ಕಪ್ಪು ಬಣ್ಣದಲ್ಲಿ ಮಾತ್ರ. ಆ ಕಾಲದಲ್ಲಿ ಬೇರೆ ಬಣ್ಣ ಒಣಗಲು ದಿನಗಟ್ಟಲೆ ಬೇಕಿತ್ತು. ಡುಪಾಂಟ್ ಕಂಪನಿಯ ಡ್ಯೂಕೊ ಎಂಬ ಬಣ್ಣ ಬಂದ ಮೇಲೆ ಗಂಟೆಗಳಲ್ಲಿ ಒಣಗಿತು. ಹಸಿರು, ನೀಲಿ, ಕೆನೆಬಣ್ಣದ ಕಾರುಗಳು ರಸ್ತೆಗಿಳಿದವು.

ಪ್ಲಿಮತ್ ಕಾರಿನ ಹೆಸರು ಬಂದ ಬಗೆ ಮಂಡ್ಯದ ರೈತರಿಗೆ ಇಷ್ಟವಾಗುತ್ತದೆ. ವಾಲ್ಟರ್ ಕ್ರೈಸ್ಲರ್ ಅಗ್ಗದ ಕಾರೊಂದನ್ನು ತರಲು ಹೊರಟಾಗ ಏನು ಹೆಸರಿಡುವುದೆಂಬ ಚರ್ಚೆ ನಡೆಯಿತು. ಕಂಪನಿಯ ಜೋಸೆಫ್ ಫ್ರೇಜರ್ ಪ್ಲಿಮತ್ ಅಂದರು. ಕುಯಿಲಿನ ಕಾಲದಲ್ಲಿ ಸಿವುಡು ಕಟ್ಟಲು ಅಮೆರಿಕದ ರೈತರು ಬಳಸುತ್ತಿದ್ದ ಹುರಿಯ ಹೆಸರೂ ಅದೇ. ದೇಶದ ಯಾವ ರೈತನಿಗೂ ಗೊತ್ತಿರುವ ಹೆಸರು ಎಂದು ಕ್ರೈಸ್ಲರ್ ಒಪ್ಪಿದರು ಎಂಬುದು ಕಂಪನಿಯ ಚರಿತ್ರೆಯಲ್ಲಿ ನಡೆದುಬಂದ ಕಥೆ. ಕಾರು ಹೊರಬಂದದ್ದು 1928ರ ಜುಲೈ 7ರಂದು.

ಅದೇ ವರ್ಷ ಕ್ರೈಸ್ಲರ್ ಇನ್ನೆರಡು ಕೆಲಸ ಮಾಡಿದರು. ಡಿಸೋಟೊ ಎಂಬ ಹೊಸ ಕಾರು ತಂದರು. ಡಾಡ್ಜ್ ಕಂಪನಿಯನ್ನು 17 ಕೋಟಿ ಡಾಲರಿಗೆ ಕೊಂಡರು. ಅದನ್ನು ಕಟ್ಟಿದ್ದ ಅಣ್ಣತಮ್ಮಂದಿರು ಜಾನ್ ಮತ್ತು ಹೊರೇಸ್ ಇಬ್ಬರೂ 1920ರಲ್ಲೇ ತೀರಿಕೊಂಡಿದ್ದರು.

ಪ್ಲಿಮತ್, ಡಾಡ್ಜ್, ಡಿಸೋಟೊ ಮೂರೂ ನಮ್ಮ ದೇಶದ ರಸ್ತೆಗಳಲ್ಲಿ ಓಡಿದವು. ಹಳಬರಲ್ಲಿ ಡಾಡ್ಜ್ ಗಟ್ಟಿಯೋ ಪ್ಲಿಮತ್ ಗಟ್ಟಿಯೋ ಎಂದು ವಾದ ಮಾಡಿದವರಿದ್ದಾರೆ. ಇಲ್ಲಿಗೆ ಬಂದ ಡಾಡ್ಜ್ ಕಿಂಗ್ಸ್‌ವೇ ಮತ್ತು ಡಿಸೋಟೊ ಡಿಪ್ಲೊಮ್ಯಾಟ್ ಎರಡೂ ಒಳಗೆ ಪ್ಲಿಮತ್ ಕಾರೇ! ಮುಂದಿನ ಜಾಲರಿ, ಹೆಸರಿನ ಬಿಲ್ಲೆ, ಅಲಂಕಾರ ಬೇರೆ. ಎಂಜಿನ್ನೂ ಆರು ಸಿಲಿಂಡರಿನ ಅದೇ ತಳಿ. ಜೋರಾಗಿ ಓಡುವ ಎಂಜಿನ್ ಅಲ್ಲ, ಆದರೆ ನಮ್ಮ ಮಣ್ಣುರಸ್ತೆಗೂ ಹಳ್ಳಿ ಮೆಕಾನಿಕ್ಕಿನ ಸ್ಪ್ಯಾನರ್‌ಗೂ ಹೊಂದಿಕೊಂಡ ಎಂಜಿನ್. ಬಾನೆಟ್ಟು ಎತ್ತಿದರೆ ಎಲ್ಲವೂ ಕೈಗೆ ಸಿಗುವಂತಿತ್ತು.

ಅಮೆರಿಕದ ಕಾರಿನಲ್ಲಿ ಮೈಸೂರು ಪೇಟ ತೆಗೆಯದೆ ಕೂರಬಹುದಿತ್ತು ಅಂದರೆ ನಂಬುತ್ತೀರಾ? 1935ರಿಂದ 1950ರವರೆಗೆ ಕ್ರೈಸ್ಲರ್ ಕಂಪನಿಯ ಅಧ್ಯಕ್ಷರಾಗಿದ್ದ ಕೆ.ಟಿ. ಕೆಲ್ಲರ್ ಅವರದು ಒಂದೇ ಹಟ: ಗಂಡಸು ತಲೆಯ ಮೇಲಿನ ಟೋಪಿ ತೆಗೆಯದೆ ಕಾರಿನಲ್ಲಿ ಕೂರುವಂತಿರಬೇಕು. ಬೇರೆ ಕಂಪನಿಗಳು ಕಾರನ್ನು ತಗ್ಗಿಸುತ್ತಾ ಹೋದಾಗಲೂ ಕೆಲ್ಲರ್ ಚಾವಣಿ ಇಳಿಸಲು ಒಪ್ಪಲಿಲ್ಲ. ಅಮೆರಿಕದಲ್ಲಿ ಆ ಹಟದಿಂದ ಮಾರಾಟಕ್ಕೆ ಪೆಟ್ಟು ಬಿತ್ತು. ಪೇಟ, ರುಮಾಲು, ಟೊಪ್ಪಿಗೆಯ ನಮ್ಮ ನಾಡಿಗೆ ಮಾತ್ರ ಅದು ಹೇಳಿ ಮಾಡಿಸಿದ ಕಾರು.

1934ರ ಹೊತ್ತಿಗೆ ಹತ್ತು ಲಕ್ಷ ಪ್ಲಿಮತ್ ಕಾರುಗಳು ತಯಾರಾಗಿದ್ದವು. ಅಮೆರಿಕದಲ್ಲಿ ಬ್ಯಾಂಕುಗಳು ಮುಚ್ಚಿ, ಜನ ಕೆಲಸ ಕಳೆದುಕೊಂಡು ಕೂತ ವರ್ಷಗಳವು. ಅಗ್ಗದ, ಗಟ್ಟಿ ಕಾರಿಗೆ ಅಂಥ ಕಾಲದಲ್ಲೂ ಗಿರಾಕಿ ಇದ್ದರು.

ಭಾರತದ ಮೊದಲ ಕಾರು ಜೋಡಣಾ ಕಾರ್ಖಾನೆ ಯಾವುದು? ಮುಂಬೈನ ಶಿವ್ಡಿಯಲ್ಲಿ 1928ರಲ್ಲಿ ಜನರಲ್ ಮೋಟಾರ್ಸ್ ತೆರೆದದ್ದು. ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗ ಜೋಡಿಸಿ ಷೆವರ್ಲೆ ಕಾರು ಹೊರತಂದರು. ಭಾರತಕ್ಕೆ ಬರುತ್ತಿದ್ದ ಫೋರ್ಡ್ ಕಾರುಗಳ ವ್ಯವಹಾರವಾದರೋ ಡೆಟ್ರಾಯಿಟ್‌ನ ಕೈಯಲ್ಲಿ ಇರಲಿಲ್ಲ. ಬ್ರಿಟನ್ ಒಂದನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ದೇಶಗಳೆಲ್ಲ ಫೋರ್ಡ್ ಕೆನಡಾ ಕಂಪನಿಯ ಪಾಲಿಗಿದ್ದವು. ಇದು ಮುಂದೆ ನಮಗೆ ಮುಳುವಾಯಿತು.

ಇನ್ನು ಮುಖ್ಯ ಸಂಗತಿ. ಸರ್ ಎಂ. ವಿಶ್ವೇಶ್ವರಯ್ಯ ಅಂದರೆ ನಮ್ಮ ಜಿಲ್ಲೆಯವರಿಗೆ ಕನ್ನಂಬಾಡಿ ಕಟ್ಟೆ, ನಾಲೆ, ಗದ್ದೆಗೆ ಬಂದ ನೀರು. ಅವರು ಕಾರಿನ ಕಾರ್ಖಾನೆಗಾಗಿ ವರ್ಷಗಟ್ಟಲೆ ಹೋರಾಡಿದ್ದು ಎಷ್ಟು ಜನಕ್ಕೆ ಗೊತ್ತು? ದಿವಾನಗಿರಿ ಬಿಟ್ಟು ಹದಿನಾರು ಹದಿನೇಳು ವರ್ಷ ಕಳೆದಿತ್ತು, ವಯಸ್ಸು ಎಪ್ಪತ್ತು ದಾಟಿತ್ತು. 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿದರು. ಬಂದವರೇ ಭಾರತದಲ್ಲಿ ಕಾರು ಮತ್ತು ಲಾರಿ ಮಾಡುವ ಯೋಜನೆ ಬರೆದರು. ಪೆಟ್ಟಿಗೆ ಬಿಚ್ಚಿ ಜೋಡಿಸುವ ಕೆಲಸ ಅವರಿಗೆ ಸಾಲದು. ಎಂಜಿನ್ ಎರಕದಿಂದ ಹಿಡಿದು ಎಲ್ಲವೂ ಇಲ್ಲೇ ಆಗಬೇಕು. ಒಂದು ಮೋಟಾರು ಕಾರ್ಖಾನೆ ಬಂದರೆ ಉಕ್ಕು, ರಬ್ಬರು, ಗಾಜು, ಬಣ್ಣ ಎಲ್ಲದರ ಕಸುಬೂ ಅದರ ಸುತ್ತ ಬೆಳೆಯುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪಲ್ಲ ಎಂಬುದನ್ನು ಇವತ್ತಿನ ಚೆನ್ನೈ, ಪುಣೆ ನೋಡಿದವರು ಯಾರಾದರೂ ಹೇಳುತ್ತಾರೆ.

ಮೊದಲು ಒಲಿದದ್ದು ಮುಂಬೈ ಪ್ರಾಂತದ ಕಾಂಗ್ರೆಸ್ ಸರಕಾರ. ಬಂಡವಾಳದ ಬಡ್ಡಿಗೆ ಖಾತರಿ ಕೊಡುತ್ತೇನೆ ಅಂತು. 1939ರಲ್ಲಿ ಯುದ್ಧ ಶುರುವಾಗಿ ಆ ಸರಕಾರವೇ ರಾಜೀನಾಮೆ ಕೊಟ್ಟಿತು. ಅಷ್ಟರಲ್ಲಿ ಯೋಜನೆಯನ್ನು ಹೆಗಲಿಗೆ ಹಾಕಿಕೊಂಡಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅಮೆರಿಕಕ್ಕೆ ಹೋದರು. ಫೋರ್ಡ್ ಮಾತುಕತೆ ಕೆನಡಾದ ಬಾಗಿಲಿಗೆ ಹೋಗಿ ಮುರಿದುಬಿತ್ತು. ಜನರಲ್ ಮೋಟಾರ್ಸ್ ಕೂಡ ಕೂಡಿಬರಲಿಲ್ಲ. ಒಪ್ಪಿದ್ದು ಕ್ರೈಸ್ಲರ್.

ಆ ಪ್ರಯಾಣದಿಂದ ಬೆಂಗಳೂರಿಗೆ ಸಿಕ್ಕ ಬಳುವಳಿ ಯಾವುದು ಗೊತ್ತೇ? ಎಚ್.ಎ.ಎಲ್! ಕಾರಿನ ಕೆಲಸ ಮುಗಿಸಿ ವಾಲ್‌ಚಂದ್ ಹಿಂದಿರುಗುವಾಗ ಪೆಸಿಫಿಕ್ ದಾಟುವ ವಿಮಾನದಲ್ಲಿ ಸಿಕ್ಕವರು ವಿಲಿಯಂ ಪಾವ್ಲಿ ಎಂಬ ಅಮೆರಿಕನ್. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಮಾತಿಗೆ ಮಾತು ಬೆಳೆದು ಭಾರತದಲ್ಲೇ ವಿಮಾನ ಮಾಡುವ ಆಲೋಚನೆ ಹುಟ್ಟಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರಕಾರ 25 ಲಕ್ಷ ರೂಪಾಯಿ ಹಾಕಿತು, 700 ಎಕರೆ ಜಮೀನು ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಆಕಾಶಕ್ಕೇರಿತು. ಕಾರು ಹುಡುಕಿ ಹೋದವರು ನಮಗೆ ವಿಮಾನ ತಂದುಕೊಟ್ಟರು.

ವಿಮಾನಕ್ಕೆ ಸಿಕ್ಕ ಒಪ್ಪಿಗೆ ಕಾರಿಗೆ ಸಿಗಲಿಲ್ಲ. ಕಾರಿನ ಕಾರ್ಖಾನೆಯಲ್ಲೂ ಬಂಡವಾಳ ಹಾಕಲು ಮೈಸೂರು ಸರಕಾರ ಮುಂದೆ ಬಂದಿತ್ತು. ಸಂಸ್ಥಾನದ ಬಳಿ ಏನಿರಲಿಲ್ಲ? ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ವಿಜ್ಞಾನ ಸಂಸ್ಥೆ, ತರಬೇತಾದ ಕೈಗಳು. ಬ್ರಿಟಿಷ್ ಭಾರತ ಸರಕಾರ ಒಪ್ಪಲಿಲ್ಲ. ಕಾರಿನ ಕಾರ್ಖಾನೆಯಿಂದ ಯುದ್ಧಕ್ಕೆ ಉಪಯೋಗವಿಲ್ಲ, ಯಂತ್ರ ತರಲು ಡಾಲರಿಲ್ಲ, ಹಡಗಿಲ್ಲ ಅಂದಿತು. ಆ ಯುದ್ಧದಲ್ಲೇ ಸೈನ್ಯಕ್ಕೆ ಸಾವಿರಾರು ಲಾರಿಗಳನ್ನು ಹೊರದೇಶದಿಂದ ತರಿಸಿಕೊಂಡದ್ದನ್ನು ನೆನೆದರೆ ಈ ಮಾತಿನ ಟೊಳ್ಳು ತಿಳಿಯುತ್ತದೆ. ಮಿರ್ಜಾ ಇಸ್ಮಾಯಿಲ್ 1941ರಲ್ಲಿ ದಿವಾನ ಹುದ್ದೆ ಬಿಟ್ಟರು. ಮೈಸೂರಿನ ಕಾರು ಕಾಗದದಲ್ಲೇ ಉಳಿಯಿತು. ನನಗಂತೂ ಇದು ನಮ್ಮ ನಾಡಿನ ಕೈಗಾರಿಕಾ ಚರಿತ್ರೆಯ ಅತಿ ದೊಡ್ಡ ನಷ್ಟಗಳಲ್ಲಿ ಒಂದು ಅನ್ನಿಸುತ್ತದೆ. ಶಾಲೆಯ ಪುಸ್ತಕದಲ್ಲಿ ಕನ್ನಂಬಾಡಿಯ ಪಕ್ಕದಲ್ಲಿ ಇದಕ್ಕೂ ಒಂದು ಪುಟ ಸಲ್ಲಬೇಕು.

1942ರ ಫೆಬ್ರವರಿಯಿಂದ ಯುದ್ಧ ಮುಗಿಯುವವರೆಗೆ ಅಮೆರಿಕದಲ್ಲೂ ಜನಬಳಕೆಯ ಕಾರು ತಯಾರಿಕೆ ನಿಂತಿತ್ತು. ಕ್ರೈಸ್ಲರ್ ಟ್ಯಾಂಕ್ ಮಾಡುತ್ತಿತ್ತು.

ಅದೇ ಹೊತ್ತಿನಲ್ಲಿ ಪೆಟ್ರೋಲು ರೇಷನ್ನಾಗಿ ನಮ್ಮ ಕಡೆ ಇದ್ದಿಲಿನ ಬಸ್ಸುಗಳು ಓಡಿದವು. ಬಸ್ಸಿನ ಹಿಂದೆ ಕೊಳವೆಯಂಥ ಒಲೆ. ಅದಕ್ಕೆ ಇದ್ದಿಲು ತುಂಬಿ ಗಾಳಿ ಹಾಕಿ ಉರಿಸಿದರೆ ಬರುವ ಅನಿಲವೇ ಎಂಜಿನ್ನಿಗೆ ಆಹಾರ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು.

ವಾಲ್‌ಚಂದ್ ಹಟ ಬಿಡಲಿಲ್ಲ. 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. ಅದರ ಕುರ್ಲಾ ಕಾರ್ಖಾನೆಯಿಂದ 1947ರಲ್ಲಿ ಕ್ರೈಸ್ಲರ್ ತಳಿಯ ಮೊದಲ ಗಾಡಿಗಳು ಹೊರಬಂದವು. ನಮ್ಮ ಹಳಬರು ಈಗಲೂ ನೆನೆಯುವ ಫಾರ್ಗೊ ಲಾರಿಯೂ ಇದೇ ಬಳಗದ್ದು.

ಹಿಂದೂಸ್ತಾನ್ ಮೋಟಾರ್ಸ್ ಕೂಡ ಅಂಬಾಸಿಡರ್‌ಗೆ ಮೊದಲು ಅಮೆರಿಕದ ಸ್ಟುಡ್‌ಬೇಕರ್ ಕಾರು ಜೋಡಿಸುತ್ತಿತ್ತು. ಈ ಸ್ಟುಡ್‌ಬೇಕರ್ ಕಂಪನಿ 1852ರಲ್ಲಿ ಶುರುವಾದದ್ದು ಕಮ್ಮಾರಶಾಲೆ ಮತ್ತು ಕುದುರೆಗಾಡಿ ಕಸುಬಿನಿಂದ.

ಪ್ಲಿಮತ್, ಡಾಡ್ಜ್‌ಗಳಲ್ಲಿ ಗೇರು ಇರುತ್ತಿದ್ದದ್ದು ಸ್ಟೇರಿಂಗ್ ಕಂಬದಲ್ಲಿ. ಮುಂದೆ ಉದ್ದಕ್ಕೂ ಒಂದೇ ಸೀಟು. ಗೇರು ರಾಡು ಅಡ್ಡ ಬಾರದ ಕಾರಣ ಡ್ರೈವರ್ ಪಕ್ಕ ಇಬ್ಬರು ದೊಡ್ಡವರು ಆರಾಮವಾಗಿ ಕೂರುತ್ತಿದ್ದರು. ನಮ್ಮ ಕಡೆ ಅಷ್ಟಕ್ಕೆ ನಿಲ್ಲುತ್ತಿತ್ತೇ? ತೊಡೆಯ ಮೇಲೊಂದು ಮಗು, ಹಿಂದೆ ನಾಲ್ವರು, ಅವರ ಮಡಿಲಲ್ಲಿ ಮತ್ತೆ ಮಕ್ಕಳು, ಡಿಕ್ಕಿಯಲ್ಲಿ ಸ್ಟೆಪ್ನಿ ಜತೆ ಅಡುಗೆ ಪಾತ್ರೆ, ಅಕ್ಕಿ, ಸೌದೆ. ಹರಕೆ ತೀರಿಸಲು ಹೊಳೆದಂಡೆಗೆ ಹೊರಟರೆ ಇಡೀ ಸಂಸಾರವೇ ಕಾರಿನಲ್ಲಿ. ಇದೇ ಉದ್ದ ಸೀಟು, ಇದೇ ಸ್ಟೇರಿಂಗ್ ಗೇರು ಮುಂದೆ ಅಂಬಾಸಿಡರ್‌ನಲ್ಲೂ ಇದ್ದವು. ಹಲಗೂರು ದಾಟಿ ಮುತ್ತತ್ತಿ ಕಾಡಿನ ತಿರುವುಗಳಲ್ಲಿ ಆ ಸೀಟಿನ ಮೇಲೆ ಎಲ್ಲರೂ ಒಟ್ಟಿಗೆ ಎಡಕ್ಕೂ ಬಲಕ್ಕೂ ಜಾರುತ್ತಿದ್ದ ಸುಖ ಈಗಿನ ಬೇರೆ ಬೇರೆ ಸೀಟಿನ ಕಾರುಗಳಲ್ಲಿ ಇಲ್ಲ.

ಅಮೆರಿಕದ ಕಾರುಗಳು ನಮ್ಮಲ್ಲಿ ಕಡಿಮೆಯಾದದ್ದೇಕೆ? ಬಿಡಿಭಾಗ ತರಿಸಿ ಜೋಡಿಸಿದರಷ್ಟೇ ಸಾಲದು, ಇಲ್ಲೇ ತಯಾರಿಸಬೇಕು ಎಂದು 1953ರಲ್ಲಿ ಭಾರತ ಸರಕಾರ ಪಟ್ಟುಹಿಡಿಯಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ 1954ರ ಹೊತ್ತಿಗೆ ಅಂಗಡಿ ಮುಚ್ಚಿದವು. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಹೇಳಿದ್ದು ಕೂಡ ಇದನ್ನೇ, ಇಲ್ಲೇ ತಯಾರಿಸಿ ಎಂದು. ಪ್ರೀಮಿಯರ್ ನಿಧಾನವಾಗಿ ಚಿಕ್ಕ ಫಿಯೆಟ್ ಕಡೆ ತಿರುಗಿತು. ಅದೇ ಫಿಯೆಟ್ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಬ್ರಿಟಿಷ್ ಮೂಲದ ಅಂಬಾಸಿಡರ್ 2014ರವರೆಗೆ ತಯಾರಾಗುತ್ತಲೇ ಇತ್ತು.

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಮೂರೂವರೆ ಲೀಟರಿನ ದೊಡ್ಡ ಎಂಜಿನ್ ಸಾಕುವುದು ಆನೆ ಸಾಕಿದಂತಾಯಿತು. ಕೆಲವರು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಮುಂಬೈಯಲ್ಲಿ ಅಂಥ ಡಾಡ್ಜ್, ಪ್ಲಿಮತ್‌ಗಳು ಬಹುಕಾಲ ಟ್ಯಾಕ್ಸಿಯಾಗಿ ಓಡಿದವು.

ಕಾರಿನಲ್ಲೇ ಕೂತು ತಿಂಡಿ ತಿನ್ನುವ ಹೋಟೆಲು ಅಮೆರಿಕದ ಡಲ್ಲಾಸ್ ನಗರದಲ್ಲಿ 1921ರಲ್ಲಿ ಶುರುವಾಯಿತು. ಅದಕ್ಕೂ ಮೊದಲು, 1917ರಲ್ಲಿ, ಮದ್ದೂರು ರೈಲು ನಿಲ್ದಾಣದಲ್ಲಿ ಮದ್ದೂರು ವಡೆ ಹುಟ್ಟಿತ್ತು ಎನ್ನುತ್ತಾರೆ. ರೈಲಿನವರಿಗೆ ಹುಟ್ಟಿದ ವಡೆ ಆಮೇಲೆ ಕಾರಿನವರನ್ನೂ ನಿಲ್ಲಿಸಿತು.

ಅಮೆರಿಕದ ಊರುಗಳನ್ನು ಬೆಸೆದ ಹೆದ್ದಾರಿ ಜಾಲಕ್ಕೆ 1956ರಲ್ಲಿ ಕಾನೂನಾಯಿತು. ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹೆದ್ದಾರಿ ಊರನ್ನು ಬಳಸಿ ಹೋಗುವುದರಿಂದ ವಡೆ ಬೇಕಿದ್ದವರು ಈಗ ಇಳಿದು ಬರಬೇಕು. ದಯವಿಟ್ಟು ಇಳಿದು ಬನ್ನಿ.



ಡಿಸೋಟೊ 1960ರಲ್ಲಿ, ಪ್ಲಿಮತ್ 2001ರಲ್ಲಿ ಕಣ್ಣುಮುಚ್ಚಿದವು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ 1990ರ ದಶಕದಲ್ಲಿ ಭಾರತಕ್ಕೆ ಮರಳಿ ಬಂದವು. ಫೋರ್ಡ್ ಐಕಾನ್ ಬಹಳ ಮನೆಗಳ ಮೊದಲ ಸೆಡಾನ್ ಆಯಿತು. ಷೆವರ್ಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು. ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಪ್ರಕಟಿಸಿತು.

ಹಳೆಯ ಕಾರುಗಳನ್ನು ಕಣ್ಣಾರೆ ನೋಡಬೇಕೇ? ನಮ್ಮ ಜಿಲ್ಲೆಯಲ್ಲೇ, ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕದಲ್ಲಿ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ರೂಪಿಸಿದ ‘ಪಯಣ’ ಕಾರು ಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ವಿಶ್ವೇಶ್ವರಯ್ಯನವರ ಕಾರಿನ ಕಥೆಯನ್ನು ಅಲ್ಲಿ ನಿಂತು ಹೇಳಿ.

ಕೊನೆಗೊಂದು. ಮೈಸೂರು ರಸ್ತೆಗೆ ಕಾರಿನ ಕಾರ್ಖಾನೆ ಬಂದೇ ಬಂತು, ಜಪಾನಿನಿಂದ. ಮದ್ದೂರಿನಿಂದ ಐವತ್ತು ಕಿ.ಮೀ. ಆಸುಪಾಸಿನ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ 1999ರ ಕೊನೆಗೆ ಕ್ವಾಲಿಸ್ ತಯಾರಿಕೆ ಶುರು ಮಾಡಿತು. 2013ರಲ್ಲಿ ಅಲ್ಲೇ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆಯೂ ಆರಂಭವಾಯಿತು. ಈ ಕ್ಯಾಮ್ರಿ ಯಾವುದು ಗೊತ್ತೇ? 1988ರಿಂದ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ತಯಾರಾಗುತ್ತಾ, 1990ರ ದಶಕದ ಕೊನೆಯಿಂದ ಹೆಚ್ಚುಕಡಿಮೆ ಪ್ರತಿ ವರ್ಷವೂ ಅಮೆರಿಕದ ಸಂಸಾರಸ್ಥರು ಅತಿ ಹೆಚ್ಚು ಕೊಂಡ ಸೆಡಾನ್.